ಮೂರು ತೋಳಿನ ಪ್ರೋಟೀನು, ನಾನು ಬರೆಯದೆ ಬಿಟ್ಟ ಒಂದು ಸಾಲು

ನನ್ನ ಕೈಯಿಂದ ಹೊರಟ ಟ್ಯೂಬಿನಲ್ಲಿ ಕಲಕು ಇತ್ತು ಎಂದು ಆ ಕಾಲದಲ್ಲಿ ಯಾರಾದರೂ ಅಂದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಹೆಬ್ಬಾಳದಾಚೆಯ ನಮ್ಮ ಲ್ಯಾಬಿನಲ್ಲಿ ಪ್ರೋಟೀನು ಶುದ್ಧ ಮಾಡಿಕೊಡುವುದು ನನ್ನ ಕೆಲಸ. ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಕಾಲಂ ಎಂಬ ಸೋಸುವ ಕೊಳವೆಯ ಮೇಲೆ ಸುರಿದು, ತೊಳೆದು, ಕೊನೆಗೆ ಬೇಕಾದ ಪ್ರೋಟೀನೊಂದನ್ನೇ ಪುಟ್ಟ ಟ್ಯೂಬಿಗೆ ಇಳಿಸಿ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ನಾನು ಕೊಡುವ ಟ್ಯೂಬನ್ನು ಬೆಳಕಿಗೆ ಹಿಡಿದರೆ ಒಳಗೆ ಏನಾದರೂ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಅಷ್ಟು ತಿಳಿ. ಪಕ್ಕದ ಲ್ಯಾಬಿನವರು ತಮ್ಮ ಹುಡುಗರಿಗೆ ನನ್ನ ಟ್ಯೂಬು ತೋರಿಸಿ ಬೈಯುತ್ತಿದ್ದರು. ನನಗೆ ಅದರಿಂದ ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನಿ.

ನಮ್ಮದು ಮೂಲದಲ್ಲಿ ಪ್ರೋಟೀನಿನ ಹರಳು ಬೆಳೆಸುವ ಲ್ಯಾಬು. ಹರಳು ಬೆಳೆಯಬೇಕಾದರೆ ದ್ರಾವಣದಲ್ಲಿ ಒಂದು ಕಸದ ಕಣವೂ ಇರಬಾರದು. ಹಾಗಾಗಿ ಟ್ಯೂಬನ್ನು ಯಾರಿಗಾದರೂ ಕೊಡುವ ಮುಂಚೆ ತಣ್ಣನೆಯ ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ಗಿರ್ರನೆ ತಿರುಗಿಸಿ, ತಳದಲ್ಲಿ ಕೂತದ್ದನ್ನು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬೇರೆ ಟ್ಯೂಬಿಗೆ ತೆಗೆದುಕೊಳ್ಳುವುದು ಅಲ್ಲಿ ಎಲ್ಲರಿಗೂ ಅಂಟಿದ ಅಭ್ಯಾಸ. ಅದನ್ನು ನೋಟ್‌ಬುಕ್ಕಿನಲ್ಲಿ ಯಾರೂ ಬರೆಯುತ್ತಿರಲಿಲ್ಲ. ಅನ್ನ ಮಾಡುವ ಮುಂಚೆ ಅಕ್ಕಿ ತೊಳೆದೆ ಎಂದು ಯಾರು ಬರೆದಿಡುತ್ತಾರೆ? ನಾನೂ ಬರೆಯಲಿಲ್ಲ.

ಈ ಲ್ಯಾಬಿಗೆ ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ ಬಂದಳು. ನಾಗಸಂದ್ರದ ಹುಡುಗಿ, ಮೊದಲು ಎರಡು ಬಸ್ಸು, ಮೆಟ್ರೋ ಶುರುವಾದ ಮೇಲೆ ಯಶವಂತಪುರದಲ್ಲಿ ಇಳಿದು ಅಲ್ಲಿಂದ ಬಸ್ಸು. ಅವಳು ಹಿಡಿದದ್ದು ಹರಳಾಗದ ಪ್ರೋಟೀನನ್ನು. ಸಾಮಾನ್ಯವಾಗಿ ಪ್ರೋಟೀನೆಂದರೆ ಮಡಚಿಕೊಂಡು ಒಂದು ಗಟ್ಟಿ ಆಕಾರಕ್ಕೆ ಬರುವಂಥದ್ದು. ಆದರೆ ಕೆಲವು ಪ್ರೋಟೀನುಗಳಲ್ಲಿ ಒಂದಷ್ಟು ಭಾಗ ಯಾವ ಆಕಾರಕ್ಕೂ ಬಗ್ಗದೆ ಬಿಚ್ಚಿದ ನೂಲಿನಂತೆ ಓಲಾಡುತ್ತಿರುತ್ತದೆ. ಅಂಥ ನೂಲುಗಳು ಒಂದಕ್ಕೊಂದು ಅಲ್ಲಲ್ಲಿ ಅಂಟಿ, ಬಿಟ್ಟು, ಮತ್ತೆ ಅಂಟಿ, ನೀರಿನೊಳಗೇ ಸಣ್ಣ ಸಣ್ಣ ಹನಿಗಳಾಗಿ ಗುಂಪು ಕೂಡುತ್ತವೆ. ಜೀವಕೋಶದೊಳಗೆ ಇಂಥ ಹನಿಗಳಿಗೆ ಕೆಲಸವಿದೆ, ಕೆಲವು ನರರೋಗಗಳಲ್ಲಿ ಇವು ಕೆಟ್ಟು ಗಟ್ಟಿಯಾಗುತ್ತವೆ ಎಂದು ಅವಳು ನನಗೆ ಹೇಳಿದ್ದಳು.

ಅವಳ ಪ್ರಶ್ನೆ ಸರಳವಾಗಿತ್ತು. ಒಂದೇ ಥರದ ಮೂರು ನೂಲುಗಳಿವೆ. ಅವನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಉದ್ದಕ್ಕೆ ಜೋಡಿಸಬಹುದು. ಇಲ್ಲವೇ ಮೂರನ್ನೂ ಒಂದು ಗಂಟಿಗೆ ಕಟ್ಟಿ ಮೂರು ದಿಕ್ಕಿಗೆ ಚಾಚಿಕೊಳ್ಳುವಂತೆ ಬಿಡಬಹುದು. ನೂಲು ಅದೇ, ಎಣಿಕೆ ಅದೇ, ಬದಲಾದದ್ದು ಜೋಡಣೆಯ ಆಕಾರ ಮಾತ್ರ. ಹಾಗಾದರೆ ಹನಿಯಾಗಿ ಗುಂಪು ಕೂಡುವುದರಲ್ಲಿ ವ್ಯತ್ಯಾಸವಾಗುತ್ತದೆಯೇ? ಮೊದಲನೆಯದನ್ನು ನಾವು ಉದ್ದದ್ದು ಅಂತಲೂ, ಎರಡನೆಯದನ್ನು ಮೂರು ತೋಳಿನದು ಅಂತಲೂ ಕರೆದೆವು. ಎರಡನ್ನೂ ಶುದ್ಧ ಮಾಡುವ ಭಾರ ನನ್ನದಾಯಿತು.

ಉದ್ದದ್ದು ಬಹಳ ಸಂಭಾವಿತ. ಕಾಲಂನಿಂದ ಇಳಿಯುವಾಗ ಉಪ್ಪು ಹೆಚ್ಚಿರುವ ಬಫರಿನಲ್ಲಿ, ಅಂದರೆ ಪ್ರೋಟೀನು ಕರಗಿಸಿಡುವ ದ್ರಾವಣದಲ್ಲಿ ಇರುತ್ತಿತ್ತು. ಅದನ್ನು ಉಪ್ಪು ಮಾತ್ರ ಹೊರಗೆ ನುಸುಳುವ ತೆಳು ಚೀಲಕ್ಕೆ ತುಂಬಿ ನಾಲ್ಕು ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಕಡಿಮೆ ಉಪ್ಪಿನ ಬಫರಿನೊಳಗೆ ಮುಳುಗಿಸಿಟ್ಟರೆ ಬೆಳಿಗ್ಗೆಗೆ ಉಪ್ಪು ಇಳಿದು ತಿಳಿಯಾಗಿಯೇ ಸಿಗುತ್ತಿತ್ತು. ಮೂರು ತೋಳಿನದು ಹಾಗಲ್ಲ. ಬೆಳಿಗ್ಗೆ ನೋಡಿದರೆ ಚೀಲದೊಳಗೆ ತೆಳು ಮಜ್ಜಿಗೆಯಂತೆ ಬಿಳಿಚು. ನಾನು ತಿರುಗಿಸುತ್ತಿದ್ದೆ, ತಳದಲ್ಲಿ ಗಾಜಿನ ಚುಕ್ಕೆಯಂಥ ಪೆಲೆಟ್ ಕೂರುತ್ತಿತ್ತು, ಅದನ್ನು ಕಸಕ್ಕೆ ಹಾಕಿ ತಿಳಿಯನ್ನು ಅವಳಿಗೆ ಕೊಡುತ್ತಿದ್ದೆ. "ಸ್ವಲ್ಪ ಕೆಟ್ಟಿತ್ತು ಕಣಮ್ಮ, ತೆಗೆದು ಕೊಟ್ಟಿದೀನಿ" ಎಂದು ಮೊದಮೊದಲು ಹೇಳಿದ್ದಿರಬೇಕು. ಆಮೇಲೆ ಅದನ್ನೂ ಹೇಳುವುದು ಬಿಟ್ಟೆ.

ಕೆಡುವ ಪ್ರೋಟೀನೆಂದರೆ ಏನು ಮಾಡಬೇಕು? ತಣ್ಣಗಿಡಬೇಕು. ಮೂವತ್ತು ಜನರ ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಹಾಗಾಗಿ ಮೂರು ತೋಳಿನದಕ್ಕೆ ರಾಜೋಪಚಾರ ಶುರುವಾಯಿತು. ಉದ್ದದ್ದನ್ನು ಗಟ್ಟಿ ಮಾಡುವ ಕೆಲಸ, ಅಂದರೆ ನೀರು ಇಳಿಸಿ ಪ್ರೋಟೀನಿನ ಪ್ರಮಾಣ ಏರಿಸುವುದು, ಅವಳೇ ತನ್ನ ಟೇಬಲ್ಲಿನ ಮೇಲೆ ಮಾಡಿಕೊಳ್ಳುತ್ತಿದ್ದಳು. ಮೂರು ತೋಳಿನದು ನಾಜೂಕು ಎಂದು ನಾನೇ ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿ ಕೂತು ಮಾಡುತ್ತಿದ್ದೆ, ಮಾಡಿ ಇನ್ನೊಮ್ಮೆ ತಿರುಗಿಸುತ್ತಿದ್ದೆ, ಮತ್ತೆ ಚುಕ್ಕೆ ಎಸೆಯುತ್ತಿದ್ದೆ. ಎಷ್ಟು ಪ್ರಯತ್ನಪಟ್ಟರೂ ಅದು ಗಟ್ಟಿಯಾಗುತ್ತಿರಲಿಲ್ಲ. ಎರಡು ಲೀಟರ್ ಬ್ಯಾಕ್ಟೀರಿಯಾ ಬೆಳೆಸಿದರೂ, ಆರು ಲೀಟರ್ ಬೆಳೆಸಿದರೂ ಕೊನೆಗೆ ಟ್ಯೂಬಿನಲ್ಲಿ ಅಳೆದರೆ ಹೆಚ್ಚುಕಮ್ಮಿ ಅಷ್ಟೇ ಪ್ರಮಾಣ. ಒಂದು ಸಲವಲ್ಲ, ಪ್ರತಿ ಸಲ. ಅದು ಯಾಕೆ ಹಾಗೆ ಎಂದು ಒಂದು ದಿನವಾದರೂ ಕೂತು ಯೋಚಿಸಿದ್ದರೆ ಈ ಬರಹವೇ ಬೇಕಾಗಿರಲಿಲ್ಲ. ನಾನು ಅದನ್ನು ನನ್ನ ಕೈಯ ಹದ ಅಂದುಕೊಂಡೆ.

ಅವಳ ಪ್ರಯೋಗ ಹೀಗೆ: ದ್ರಾವಣವನ್ನು ಮೆಷಿನ್ನಿನಲ್ಲಿಟ್ಟು ಬೆಚ್ಚಗಿನಿಂದ ನಿಧಾನವಾಗಿ ತಣ್ಣಗೆ ಮಾಡುತ್ತ ಹೋಗುವುದು, ಯಾವ ಉಷ್ಣತೆಯಲ್ಲಿ ಮಂಜಾಗುತ್ತದೆ ನೋಡುವುದು. ಮಂಜಾದರೆ ಹನಿಗಳಾದವು ಎಂದು ಅರ್ಥ. ಗಟ್ಟಿ ಮಾಡಿದ ಉದ್ದದ್ದು ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿ ಮಂಜಾಗುತ್ತಿತ್ತು. ಮೂರು ತೋಳಿನದು ನಾಲ್ಕು ಡಿಗ್ರಿಗಿಳಿಸಿದರೂ ತಿಳಿಯೇ. ಮೂರು ವರ್ಷ ಹೀಗೇ ಬಂತು. ಅವಳು ಅದಕ್ಕೊಂದು ಕಾರಣವನ್ನೂ ಕಟ್ಟಿದಳು: ಒಂದೇ ಗಂಟಿಗೆ ಕಟ್ಟಿದ ತೋಳುಗಳು ಬುಡದಲ್ಲಿ ಒತ್ತೊತ್ತಾಗಿ, ಬೇರೆಯವರ ಕಡೆ ಕೈ ಚಾಚಲಾರದೆ ಒಂಟಿಯಾಗಿಬಿಡುತ್ತವೆ. ಚೆಂದದ ಚಿತ್ರ ಬರೆದಳು. ನಮ್ಮ ಪ್ರೊಫೆಸರಿಗೆ ಒಳಗೊಳಗೆ ಅನುಮಾನ, ಅವರ ಊಹೆ ಇದಕ್ಕೆ ಉಲ್ಟಾ ಇತ್ತು. ಆದರೆ ಅಳತೆ ಮೂರು ವರ್ಷ ಒಂದೇ ಮಾತು ಹೇಳಿದಾಗ ಅವರೂ ಒಪ್ಪಿದರು. ಥೀಸಿಸಿನ ಮುಖ್ಯ ಅಧ್ಯಾಯವೇ ಅದು. ವರ್ಷದ ಕೊನೆಗೆ ಸಲ್ಲಿಸಬೇಕು, ಅವಧಿ ಆಗಲೇ ಒಮ್ಮೆ ವಿಸ್ತರಣೆಯಾಗಿತ್ತು, ಇನ್ನೊಮ್ಮೆ ಸಿಗುವುದಿಲ್ಲ ಎಂದು ಆಫೀಸಿನವರು ಖಡಕ್ಕಾಗಿ ಹೇಳಿದ್ದರು.

ಅದು ಎರಡು ಸಾವಿರದ ಹದಿನೇಳರ ಏಪ್ರಿಲ್. ನಮ್ಮ ತಣ್ಣನೆಯ ಸೆಂಟ್ರಿಫ್ಯೂಜಿನ ಕೂಲಿಂಗ್ ಕೈಕೊಟ್ಟಿತು. ರಿಪೇರಿಯವನು ನಾಳೆ ನಾಳೆ ಎನ್ನುತ್ತ ಒಂದು ವಾರ ಆಟವಾಡಿಸಿದ. ಅವಳಿಗೆ ಕೊನೆಯದಾಗಿ ಒಂದು ಬ್ಯಾಚ್ ಬೇಕಿತ್ತು, ಅಧ್ಯಾಯದ ಒಂದು ಚಿತ್ರಕ್ಕೆ ಇನ್ನೊಂದು ಬಿಂದು. ಬೆಳಿಗ್ಗೆ ಚೀಲ ತೆಗೆದೆ, ಯಥಾಪ್ರಕಾರ ಬಿಳಿಚು, ಟ್ಯೂಬಿಗೆ ಸುರಿದುಕೊಂಡೆ. ಕ್ಯಾಂಪಸ್ಸಿನ ಆ ಕಡೆಯ ಕಟ್ಟಡದ ಸೆಂಟ್ರಿಫ್ಯೂಜು ಬಳಸಿಕೊಳ್ಳಲು ಹೇಳಿಟ್ಟಿದ್ದೆ. ಐಸ್ ಡಬ್ಬ ಸಿಗಲಿಲ್ಲ, ಯಾರೋ ಎತ್ತಿಕೊಂಡು ಹೋಗಿದ್ದರು. ಎರಡು ನಿಮಿಷದ ದಾರಿ ತಾನೇ ಎಂದು ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಹೊರಟೆ. ಬಿಸಿಲು ಚುರುಗುಟ್ಟುತ್ತಿತ್ತು. ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನವೊಂದು ಕಿವಿ ಕೆಪ್ಪಾಗುವಂತೆ ಹೋಯಿತು, ತಲೆ ಎತ್ತಿ ನೋಡಿ ಅಭ್ಯಾಸಬಲದಿಂದ ಬೈದುಕೊಂಡೆ. ಆ ಕಟ್ಟಡದ ಮೆಟ್ಟಿಲ ಹತ್ತಿರ ಮುಷ್ಟಿ ಬಿಚ್ಚಿದರೆ ಟ್ಯೂಬು ತಿಳಿಯಾಗಿತ್ತು.

ತಪ್ಪು ಟ್ಯೂಬು ತಂದೆನೇ ಎಂದು ಮುಚ್ಚಳದ ಮೇಲಿನ ಬರಹ ನೋಡಿದೆ. ನನ್ನದೇ ಅಕ್ಷರ, ಇವತ್ತಿನದೇ ತಾರೀಖು. ತಿರುಗಿ ಬಂದೆ. ಏನಾಗಿದೆ ಎಂದು ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಟ್ಯೂಬನ್ನು ಐಸಿನಲ್ಲಿಟ್ಟೆ. ಕಣ್ಣೆದುರೇ ಮತ್ತೆ ಬೆಳ್ಳಗಾಯಿತು. ಕೈಯಲ್ಲಿ ಹಿಡಿದೆ, ತಿಳಿಯಾಯಿತು. ಐಸು, ಬಿಳಿ. ಕೈ, ತಿಳಿ. ಡಿಸೆಂಬರಿನಲ್ಲಿ ನಮ್ಮ ಹುಣಸಮಾರನಹಳ್ಳಿ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಹೀಗೇ ಆಡುತ್ತದೆ; ಹೆಪ್ಪುಗಟ್ಟಿದ ಎಣ್ಣೆಯನ್ನು ಕೆಟ್ಟಿತೆಂದು ಯಾರಾದರೂ ಮೋರಿಗೆ ಸುರಿಯುತ್ತಾರೆಯೇ? ಕೆಟ್ಟ ಪ್ರೋಟೀನು ಹಾಗೆ ಹಿಂದೆ ಬರುವುದಿಲ್ಲ. ಬೇಯಿಸಿದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ, ಕೆಟ್ಟದ್ದು ಕೆಟ್ಟದ್ದೇ. ಇದು ಕೆಟ್ಟದ್ದಲ್ಲ.

ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಪಟ್ಟಿಯನ್ನು ಐಸ್ ಪ್ಯಾಕಿನ ಮೇಲಿಟ್ಟು ತಣ್ಣಗಾಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಾಜಿನ ಮೇಲೆ ಮಂಜು ಕೂತು ಎರಡು ಸಲ ಏನೂ ಕಾಣಲಿಲ್ಲ. ಮೂರನೆಯ ಸಲ ಒರೆಸಿ ತಕ್ಷಣ ಕಣ್ಣಿಟ್ಟೆ. ಗುಂಡು ಗುಂಡಾದ ಹನಿಗಳು, ಲೆಕ್ಕವಿಲ್ಲದಷ್ಟು. ಎರಡು ಹನಿ ಹತ್ತಿರ ಬಂದು ಒಂದಾಗಿ ಇನ್ನೂ ದೊಡ್ಡ ಗುಂಡಾದವು. ಪಟ್ಟಿ ಬೆಚ್ಚಗಾದ ಹಾಗೆ ಒಂದೊಂದೇ ಕರಗಿ ಮಾಯವಾದವು. ಎಷ್ಟೋ ವರ್ಷ ಪ್ರೋಟೀನು ಮಾಡಿದ ನಾನು ಎಸೆದದ್ದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿದವಳಲ್ಲ.

ಅಲ್ಲಿಗೆ ಎಲ್ಲ ಅರ್ಥವಾಯಿತು. ಮೂರು ತೋಳಿನದು ಗುಂಪು ಕೂಡುವುದಿಲ್ಲವೆಂದಲ್ಲ. ಉದ್ದದ್ದಕ್ಕಿಂತ ಎಷ್ಟೋ ಬೇಗ ಕೂಡುತ್ತಿತ್ತು. ನಾಲ್ಕು ಡಿಗ್ರಿಯಲ್ಲಿ ಗುಂಪು ಕೂಡಿದ್ದನ್ನೆಲ್ಲ ನಾನು ತಳಕ್ಕಿಳಿಸಿ ಎಸೆದು, ಗುಂಪು ಸೇರದೆ ಉಳಿದ ಒಂದಿಷ್ಟನ್ನು ಮಾತ್ರ ಅವಳಿಗೆ ಕೊಡುತ್ತಿದ್ದೆ. ಆ ಉಳಿಕೆಯನ್ನು ಅವಳು ಮತ್ತೆ ನಾಲ್ಕು ಡಿಗ್ರಿಗೆ ತಂದರೆ ಅದರಲ್ಲಿ ಏನು ಮಂಜಾದೀತು? ಕೂಡುವುದೆಲ್ಲ ಆಗಲೇ ಕಸದ ಡಬ್ಬಿಯಲ್ಲಿತ್ತು. ಹೆಚ್ಚು ಕೂಡಿದಷ್ಟೂ ಅದನ್ನು ನಾಜೂಕೆಂದು ಇನ್ನೂ ತಣ್ಣಗಿಟ್ಟು ಇನ್ನೂ ಹೆಚ್ಚು ಎಸೆದಿದ್ದೆವು. ಹರಳಿನ ಲ್ಯಾಬಿನವರಲ್ಲದೆ ಬೇರೆ ಯಾರೂ ಮಾಡಲಾರದ ಪೆದ್ದುತನ, ಅದೂ ಲ್ಯಾಬಿನ ಅತಿ ಜಾಣೆ ಎನಿಸಿಕೊಂಡವಳ ಕೈಯಿಂದ.

ನಿಜ ಹೇಳುತ್ತೇನೆ, ಆ ದಿನ ಯಾರಿಗೂ ಹೇಳಲಿಲ್ಲ. ಸೆಂಟ್ರಿಫ್ಯೂಜು ಕೆಟ್ಟಿದೆ ಎಂದು ಬ್ಯಾಚನ್ನು ಮುಂದೂಡಿ ಮನೆಗೆ ಹೋದೆ. ಮಾರನೇ ದಿನ ಶನಿವಾರ, ಆಮೇಲೆ ಭಾನುವಾರ. ಎರಡು ದಿನ ನನ್ನ ತಲೆಯಲ್ಲಿ ಓಡಿದ್ದು ಒಳ್ಳೆಯ ವಿಚಾರಗಳಲ್ಲ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ಆ ಸಾಲು ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ, ಗೊತ್ತಿರುವವಳು ನಾನೊಬ್ಬಳು. ಅವಳ ಥೀಸಿಸ್ ತಯಾರಾಗಿದೆ, ಡಿಗ್ರಿ ಸಿಗುತ್ತದೆ, ಹುಡುಗಿ ಎಲ್ಲೋ ಕೆಲಸಕ್ಕೆ ಸೇರುತ್ತಾಳೆ. ಹೇಳಿದರೆ ಎಂಟು ತಿಂಗಳಲ್ಲಿ ಎಲ್ಲ ಮೊದಲಿನಿಂದ ಮಾಡಬೇಕು, ಆಗದೆ ಹೋದರೆ ಅವಳ ಐದೂವರೆ ವರ್ಷ ನೀರಿನಲ್ಲಿ ಹೋಮ. ಅವಳ ಒಳ್ಳೆಯದಕ್ಕೇ ಸುಮ್ಮನಿರುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಅಡಿಯಲ್ಲಿ ನನ್ನ ಹೆಸರು ಕೆಡುವ ಭಯ ಕೂತಿತ್ತೆಂಬುದು ನನಗೆ ಗೊತ್ತಿತ್ತು.

ಭಾನುವಾರ ಸಂಜೆ ಅಮ್ಮನ ಮುಂದೆ ಬಾಯಿಬಿಟ್ಟೆ. ಅಮ್ಮನಿಗೆ ಪ್ರೋಟೀನು ಗೊತ್ತಿಲ್ಲ, ಮಗಳು ಗೊತ್ತು. ನಾನು ಏನೋ ತಪ್ಪು ಮಾಡಿ ಅದರ ಮೇಲೆ ಇನ್ನೊಬ್ಬಳು ಪುಸ್ತಕ ಬರೆದಿದ್ದಾಳೆ ಎಂದಷ್ಟೇ ಹೇಳಿದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅಮ್ಮ ತಲೆ ಎತ್ತದೆ, "ನೀನ್ ಏಳ್ದೆ ಇದ್ರೆ ಇನ್ಯಾರ್ ಏಳ್ತಾರೆ ಆ ಮಗೀಗೆ?" ಎಂದಳು. ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬಂತು.

ಸೋಮವಾರ ಅವಳು ಬರುವುದಕ್ಕೇ ಕಾದೆ. ಕೋಲ್ಡ್ ರೂಮಿನ ಹೊರಗೆ ನಿಲ್ಲಿಸಿ ಟ್ಯೂಬನ್ನು ಅವಳ ಕೈಗೇ ಕೊಟ್ಟೆ. ಬಿಳಿಚಾಗಿದ್ದದ್ದು ಅವಳ ಬೆರಳುಗಳ ನಡುವೆ ತಿಳಿಯಾಯಿತು. ಅವಳಿಗೆ ಬುದ್ಧಿ ಚುರುಕು, ನಾನು ಬಿಡಿಸಿ ಹೇಳಬೇಕಾದದ್ದು ಸ್ವಲ್ಪವೇ. "ಪ್ರತಿ ಸಲ ತಿರುಗಿಸ್ತಿದ್ದೆ ಕಣಮ್ಮ. ಚುಕ್ಕೆ ಎಸೀತಿದ್ದೆ. ಬರ್ದಿಲ್ಲ" ಎಂದೆ. ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. ಆಮೇಲೆ, "ಮೂರು ವರ್ಷ ಅಕ್ಕ" ಎಂದಳು. ಅಷ್ಟೇ. ಟ್ಯೂಬನ್ನು ನನ್ನ ಕೈಗೆ ವಾಪಸ್ ಇಟ್ಟು ಹೊರಟುಹೋದಳು. ನಾಲ್ಕು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪ್ರೊಫೆಸರಿಗೆ ಆ ಸೋಮವಾರವೇ ಹೇಳಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಬೈಯಲಿಲ್ಲ, ತಾನೇ ಆ ಅಭ್ಯಾಸ ಕಲಿಸಿದವನು, ತನಗೂ ಹೊಳೆಯಬೇಕಿತ್ತು ಎಂದರು. ಅಧ್ಯಾಯವನ್ನು ಕೈಬಿಡಬಹುದು, ಉದ್ದದ್ದರ ಮೇಲಿನ ಕೆಲಸವನ್ನಷ್ಟೇ ಇಟ್ಟುಕೊಂಡು ತೆಳುವಾದ ಥೀಸಿಸ್ ಕೊಡಬಹುದು ಎಂಬ ದಾರಿಯನ್ನೂ ಹೇಳಿದರು. ಶುಕ್ರವಾರ ಅವಳು ಅವರ ಕೋಣೆಗೆ ಬಂದು ನನ್ನನ್ನೂ ಕರೆಸಿದಳು. ಕಣ್ಣು ಊದಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನನ್ ಪ್ರಶ್ನೆನೇ ಬಿಟ್ಟು ಥೀಸಿಸ್ ಕೊಡಲ್ಲ ಸಾರ್. ಡಿಸೆಂಬರ್‌ವರ್ಗೂ ಟೈಮ್ ಇದೆ. ಅಕ್ಕ ಜೊತೇಲಿದ್ರೆ ಆಗತ್ತೆ" ಎಂದಳು. ಇರುತ್ತೇನೆ ಎಂದೆ.

ಪ್ರೊಫೆಸರ್ ಮೊದಲ ದಿನವೇ ಕೊಕ್ಕೆ ಹಾಕಿದರು. ಮೂರು ತೋಳಿನದು ಬೇಗ ಕೂಡುವುದು ತೋಳುಗಳ ಜೋಡಣೆಯಿಂದಲೇ ಎಂದು ಹೇಗೆ ಹೇಳುತ್ತೀರಿ? ನಡುವಿನ ಗಂಟೇ ಅಂಟಂಟಾಗಿರಬಹುದಲ್ಲ? ಸರಿಯಾದ ಮಾತು. ಅದಕ್ಕೆ ಎರಡು ಹೊಸ ಪ್ರೋಟೀನು ಬೇಕಾಯಿತು. ಒಂದು, ತೋಳೇ ಇಲ್ಲದ ಬರೀ ಗಂಟು. ಇನ್ನೊಂದು, ಗಂಟಿನ ಒಂದೇ ಒಂದು ಕೊಂಡಿ ಬದಲಿಸಿ ಅದು ಕಟ್ಟಿಕೊಳ್ಳದಂತೆ ಮಾಡಿದ್ದು. ಅಂದರೆ ತೋಳುಗಳೂ ಇವೆ, ಗಂಟಿನ ಸರಕೂ ಇದೆ, ಆದರೆ ಮೂರೂ ಬಿಡಿಬಿಡಿ. ಬರೀ ಗಂಟು ಸಲೀಸಾಗಿ ಬಂತು, ಎಷ್ಟು ತಣ್ಣಗೆ ಮಾಡಿದರೂ ತಿಳಿಯಾಗಿಯೇ ಉಳಿಯಿತು. ಬಿಡಿ ತೋಳಿನದು ನಮ್ಮ ಪ್ರಾಣ ಹಿಂಡಿತು. ಬ್ಯಾಕ್ಟೀರಿಯಾ ಅದನ್ನು ಬೆಳೆಸಿದ ಹಾಗೆಯೇ ಕತ್ತರಿಸಿ ತಿಂದುಬಿಡುತ್ತಿತ್ತು. ಜೂನಿನಲ್ಲಿ ಒಂದು ಬ್ಯಾಚು ಹೋಯಿತು, ಜುಲೈನಲ್ಲಿ ಇನ್ನೊಂದು. ಕೊನೆಗೆ ಬೆಳೆಸುವ ಉಷ್ಣತೆ ಇಳಿಸಿ, ಹೊತ್ತು ಕಡಿಮೆ ಮಾಡಿ, ಒಡೆದ ಕ್ಷಣದಿಂದ ಕಾಲಂ ಇಳಿಯುವವರೆಗೆ ಕೂರದೆ ನಿಂತೇ ಮಾಡಿ ಮೂರನೆಯ ಸಲ ಗೆದ್ದೆ. ಅದೂ ತಣ್ಣಗೆ ಮಾಡಿದರೆ ತಿಳಿಯೇ. ತೋಳೂ ಅಲ್ಲ, ಗಂಟೂ ಅಲ್ಲ, ಕಟ್ಟಿದ ಆಕಾರವೇ ಕಾರಣ ಎಂದು ಹೇಳಿ ಅವಳು ಆ ಏಪ್ರಿಲಿನ ನಂತರ ಮೊದಲ ಬಾರಿಗೆ ನಕ್ಕಳು.

ಇನ್ನು ಅಳೆಯುವುದು ಹೇಗೆ ಎಂಬುದು ದೊಡ್ಡ ತಲೆನೋವು. ಮಂಜಾಗುವುದನ್ನು ನೋಡುವ ಮೆಷಿನ್ನಿನಲ್ಲಿ ಮೂರು ತೋಳಿನದು ಎಷ್ಟು ಬೇಗ ಮಂಜಾಗುತ್ತಿತ್ತೆಂದರೆ ಟ್ಯೂಬಿನಿಂದ ಸುರಿಯುವಷ್ಟರಲ್ಲಿ ಶುರುವಾಗಿಬಿಡುತ್ತಿತ್ತು. ಹನಿಗಳು ಗೋಡೆಗೆ ಅಂಟಿ ಅಳತೆ ಒಂದೊಂದು ಸಲ ಒಂದೊಂದು. ಆಗಸ್ಟ್ ಪೂರ್ತಿ ಅದರಲ್ಲೇ ಕಳೆಯಿತು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತ ನನಗೇ ಹೊಳೆಯಿತು. ಕೂಡದೆ ಉಳಿದ ತಿಳಿಯ ಪ್ರಮಾಣವೇ ಅಳತೆ ಅಲ್ಲವೇ? ಗುಂಪು ಕೂಡುವ ಚಟ ಜಾಸ್ತಿ ಇದ್ದಷ್ಟೂ ಮೇಲಿನ ತಿಳಿಯಲ್ಲಿ ಪ್ರೋಟೀನು ಕಡಿಮೆ ಉಳಿಯಬೇಕು. ಅಂದರೆ ತಿರುಗಿಸಬೇಕು. ಯಾವುದು ನಮ್ಮ ಮನೆ ಹಾಳು ಮಾಡಿತ್ತೋ ಅದನ್ನೇ, ಆದರೆ ಈ ಸಲ ಚುಕ್ಕೆಯನ್ನು ಎಸೆಯದೆ. ಹೇಳಿದಾಗ ಅವಳು ಚಮಚ ಕೆಳಗಿಟ್ಟು, "ಅಕ್ಕ, ನೀವು ಇದನ್ನ ಮೂರು ವರ್ಷದಿಂದ ಮಾಡ್ತಾನೇ ಇದೀರಲ್ಲ" ಎಂದಳು. ಅದರಲ್ಲಿ ಚುಚ್ಚೂ ಇತ್ತು, ತಮಾಷೆಯೂ ಇತ್ತು. ನನಗೆ ಎರಡೂ ಬೇಕಿತ್ತು.

ಆಮೇಲಿನದು ಶುದ್ಧ ಗಾಣದ ಕೆಲಸ. ಐದು ಉಷ್ಣತೆ, ನಾಲ್ಕು ಪ್ರೋಟೀನು, ಒಂದೊಂದೂ ಮೂರು ಸಲ. ರಿಪೇರಿಯಾಗಿ ಬಂದ ಸೆಂಟ್ರಿಫ್ಯೂಜು ತೋರಿಸುವ ಡಿಗ್ರಿಯನ್ನು ನಾನು ನಂಬಲಿಲ್ಲ. ಒಂದು ಟ್ಯೂಬಿನಲ್ಲಿ ಬರೀ ಬಫರ್ ಹಾಕಿ ತಿರುಗಿಸಿ, ನಿಂತ ಕೂಡಲೇ ತೆಳು ಥರ್ಮಾಮೀಟರ್ ಇಳಿಸಿ ನೋಡಿದರೆ ಪರದೆ ಹೇಳುವುದಕ್ಕೂ ಅದಕ್ಕೂ ಎರಡು ಡಿಗ್ರಿ ಅಂತರ. ಅದನ್ನು ಸರಿದೂಗಿಸಿಕೊಂಡೆವು. ತಿಳಿಯನ್ನು ಅಳೆದೆವು, ತಳದ ಚುಕ್ಕೆಯನ್ನು ಉಪ್ಪಿನ ಬಫರಿನಲ್ಲಿ ಕರಗಿಸಿ ಅದನ್ನೂ ಅಳೆದೆವು. ಎರಡೂ ಸೇರಿ ಮೊದಲು ಹಾಕಿದಷ್ಟು ಬರದಿದ್ದರೆ ಆ ದಿನದ ಕೆಲಸ ರದ್ದು. ಹಬ್ಬ ಬಂತು, ಹೋಯಿತು. ಪ್ರತಿ ಹೆಜ್ಜೆಯನ್ನೂ ನಾನು ನೋಟ್‌ಬುಕ್ಕಿಗೆ ಇಳಿಸಿದೆ, ಟ್ಯೂಬನ್ನು ಯಾವ ಕೈಯಲ್ಲಿ ಎಷ್ಟು ಹೊತ್ತು ಹಿಡಿದೆ ಎಂಬುದನ್ನೂ. ನವೆಂಬರಿನ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಯಾವ ಉಷ್ಣತೆಯಲ್ಲಿ ನೋಡಿದರೂ ಮೂರು ತೋಳಿನದರ ತಿಳಿ ಉದ್ದದ್ದಕ್ಕಿಂತ ತೆಳು. ಉದ್ದದ್ದರಲ್ಲಿ ನಡುವಿನ ನೂಲು ತನ್ನ ಎರಡು ಪಕ್ಕದವರಿಗೇ ಸುತ್ತಿಕೊಂಡಿರುತ್ತದೆ, ಮೂರು ತೋಳಿನದರಲ್ಲಿ ಮೂರು ತುದಿಯೂ ಬಿಡುವಾಗಿ ಹೊರಗಿನ ಮೂವರ ಕಡೆ ಚಾಚುತ್ತವೆ ಎಂದು ಅವಳು ಹೊಸ ಚಿತ್ರ ಬರೆದಳು. ಇರಬಹುದು ಎಂದಷ್ಟೇ ಬರೆ ಎಂದು ಪ್ರೊಫೆಸರ್ ತಾಕೀತು ಮಾಡಿದರು.

ಹಳೆಯ ಮೂರು ವರ್ಷದ ಬ್ಯಾಚುಗಳ ವಿಷಯ ಆಗ ಎದ್ದಿತು. ಎರಡು ಲೀಟರಿಗೂ ಆರು ಲೀಟರಿಗೂ ಒಂದೇ ಪ್ರಮಾಣ ಬಂದಿತ್ತಲ್ಲ, ಅದು ನನ್ನ ಕೈಯ ಹದವಲ್ಲ, ನಾಲ್ಕು ಡಿಗ್ರಿಯ ತಿಳಿಯ ನಿಜವಾದ ಅಳತೆ. ಹೊಸ ಅಳತೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದರ ಮೇಲೊಂದು ಕೂರುತ್ತಿತ್ತು. ನಾವು ಕಸವೆಂದುಕೊಂಡ ವರ್ಷಗಳು ಅವಳ ವಾದಕ್ಕೆ ಅತಿ ಗಟ್ಟಿ ಸಾಕ್ಷಿ. ಆದರೆ ಸಾಕ್ಷಿಯ ಮುಖ್ಯ ಸಾಲೇ ಕಾಗದದಲ್ಲಿಲ್ಲ. ಹಳೆಯ ಪುಟದಲ್ಲಿ ಈಗ ಒಂದು ಸಾಲು ಸೇರಿಸಿದರೆ ಅದು ಸುಳ್ಳು ಎಂದು ಪ್ರೊಫೆಸರ್ ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಹೊಸ ಪುಟದಲ್ಲಿ, ಅಂದಿನ ತಾರೀಖು ಹಾಕಿ, ನಾನು ಪ್ರತಿ ಸಲ ಏನು ಮಾಡುತ್ತಿದ್ದೆ, ಯಾಕೆ ಬರೆಯಲಿಲ್ಲ ಎಂದು ಬರೆದು ಸಹಿ ಮಾಡಿದೆ. ಒಂದೂವರೆ ಪುಟ ಬಂತು. ಅವಳು ಅದನ್ನು ಥೀಸಿಸಿನ ಅನುಬಂಧದಲ್ಲಿ ಹಾಗೇ ಸೇರಿಸಿ, ಗಡುವಿಗೆ ಎರಡು ದಿನ ಮುಂಚೆ ಸಲ್ಲಿಸಿದಳು.

ಮುಂದಿನ ಬೇಸಿಗೆಯಲ್ಲಿ ಅವಳ ಮೌಖಿಕ ಪರೀಕ್ಷೆ. ಸಭಾಂಗಣದಲ್ಲಿ ಯಾರು ಬೇಕಾದರೂ ಕೂರಬಹುದು. ನಾನು ಕೊನೆಯ ಸಾಲಿನಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ನಾಗಸಂದ್ರದಿಂದ ಬಂದಿದ್ದ ಅವಳ ಅಪ್ಪ ಅಮ್ಮ. ನಮ್ಮಂಥ ತಾಂತ್ರಿಕ ಸಿಬ್ಬಂದಿ ಅಲ್ಲಿ ಬಾಯಿ ತೆರೆಯುವ ರೂಢಿಯಿಲ್ಲ. ಮುಕ್ಕಾಲು ಗಂಟೆ ಅವಳು ಚೆನ್ನಾಗಿ ಮಾತಾಡಿದಳು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ನಿಧಾನದವರು. ಅವರು ಅನುಬಂಧದ ಪುಟಕ್ಕೆ ಬೆರಳಿಟ್ಟುಕೊಂಡೇ ಕೇಳಿದರು: ಹಳೆಯ ನೋಟ್‌ಬುಕ್ಕಿನಲ್ಲಿ ತಿರುಗಿಸಿದ ಉಲ್ಲೇಖವಿಲ್ಲ, ಎಸೆದ ಉಲ್ಲೇಖವಿಲ್ಲ. ವರ್ಷಗಳಾದ ಮೇಲೆ ಬರೆದ ನೆನಪನ್ನು ಅಳತೆಯೆಂದು ನಾವು ಯಾಕೆ ಒಪ್ಪಬೇಕು? ಪ್ರತಿ ಸಲ ಹಾಗೇ ಆಗಿತ್ತೆಂದು ನಿಮಗೆ ಹೇಗೆ ಗೊತ್ತು?

ಅವಳು ಉತ್ತರ ಶುರುಮಾಡಿ ನಿಂತಳು. ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಆ ಹೊತ್ತಿನಲ್ಲಿ ಅವಳು ಕೋಲ್ಡ್ ರೂಮಿನಲ್ಲಿ ಇರುತ್ತಲೇ ಇರಲಿಲ್ಲ. ಪ್ರೊಫೆಸರ್ ನಿಯಮದಂತೆ ಸುಮ್ಮನೆ ಕೂತಿದ್ದರು. ನಾನು ಎದ್ದು ನಿಂತೆ. ಇಡೀ ಸಭೆ ಹಿಂದೆ ತಿರುಗಿತು.

"ನನಗೆ ಗೊತ್ತು ಸಾರ್. ಪ್ರತಿ ಸಲ ತಿರುಗಿಸಿದ್ದು ನಾನೇ, ಎಸೆದಿದ್ದೂ ನಾನೇ" ಎಂದೆ.

ಅವರು ಕನ್ನಡದಲ್ಲೇ ಕೇಳಿದರು. "ಒಂದ್ಸಲನೂ ಬಿಟ್ಟಿಲ್ವಾಮ್ಮ?"

"ಇಲ್ಲ ಸಾರ್. ನನ್ ಟ್ಯೂಬು ಕಲಕಾಗಿ ಕಂಡ್ರೆ ನನಗೆ ಅವಮಾನ. ಒಂದ್ಸಲನೂ ಬಿಟ್ಟಿಲ್ಲ."

ಯಾರೂ ನಗಲಿಲ್ಲ. ಪರೀಕ್ಷಕರು ಪೆನ್ನು ತೆಗೆದು ಆ ಪುಟದ ಅಂಚಿನಲ್ಲಿ ಏನೋ ಬರೆದುಕೊಂಡರು. ಅಳತೆಗಳನ್ನು ಒಪ್ಪಿದ್ದೇನೆ ಎಂದರು. ಅವಳು ಒಮ್ಮೆ ಕೊನೆಯ ಸಾಲಿನ ಕಡೆ ನೋಡಿ, ಮುಂದಿನ ಚಿತ್ರಕ್ಕೆ ಹೋದಳು. ನಾನು ಕೂತೆ.